ಕೋಟೆಗೆ ಮುತ್ತಿಗೆ ಹಾಕುವುದು ಹೇಗೆ? ಸಿಮಾ ಯಿ ಲೆಕ್ಕ ನೋಡಿ

ಮುತ್ತಿಗೆ ಅಂದ ಕೂಡಲೇ ಏಣಿ, ಬಾಣದ ಮಳೆ, ಬಾಗಿಲಿಗೆ ಗುದ್ದುವ ಮರದ ದಿಮ್ಮಿ ಇವೇ ಕಣ್ಣ ಮುಂದೆ ಬರುತ್ತವೆ ಅಲ್ವಾ? ಅವೆಲ್ಲ ಕೊನೇ ಗಳಿಗೆಯ ಕೆಲಸ. ಮೊದಲು ಲೆಕ್ಕ ಹಾಕಬೇಕು. ಒಳಗಿನವರ ಕಣಜದಲ್ಲಿ ದವಸ ಎಷ್ಟಿದೆ, ತಿನ್ನುವ ಬಾಯಿ ಎಷ್ಟು, ನಮ್ಮ ಹತ್ತಿರ ಎಷ್ಟು ದಿನಕ್ಕಿದೆ? ಇದನ್ನು ಕಲಿಯಬೇಕಾದರೆ ಕ್ರಿ.ಶ. 238ರಲ್ಲಿ ಚೀನಾದ ವೇಯಿ ರಾಜ್ಯದ ಸೇನಾಪತಿ ಸಿಮಾ ಯಿ ಶಿಯಾಂಗ್‌ಪಿಂಗ್ ಕೋಟೆ ಹಿಡಿದ ರೀತಿ ನೋಡಿ. ಈಗಿನ ಲಿಯಾವೊಯಾಂಗ್ ಊರು ಇರುವ ಜಾಗ ಅದು.

ಒಳಗಿದ್ದವನು ಗೊಂಗ್‌ಸುನ್ ಯುವಾನ್. ಈಶಾನ್ಯದ ಲಿಯಾವೊಡಾಂಗ್ ಸೀಮೆ ಅವರ ಮನೆತನದ ಕೈಯಲ್ಲಿತ್ತು. 237ರಲ್ಲಿ ಇವನು ವೇಯಿಗೆ ತಿರುಗಿಬಿದ್ದು, ತಾನೇ ಯಾನ್ ರಾಜ ಅಂತ ಸಾರಿಕೊಂಡ. ಅದೇ ವರ್ಷ ಅವನನ್ನು ಬಗ್ಗಿಸಲು ಹೋದ ವೇಯಿ ದಂಡು ಮಳೆಗೆ ಸಿಕ್ಕಿ, ಲಿಯಾವೊ ನದಿ ಉಕ್ಕಿ, ಬರಿಗೈಲಿ ವಾಪಸ್ ಬಂದಿತ್ತು.

ಹಾಗಾಗಿ ಹೊರಡುವ ಮೊದಲೇ ದಿನ ಎಣಿಸಿಕೊಳ್ಳಿ. ಎಷ್ಟು ದಿನ ಬೇಕು ಅಂತ ಚಕ್ರವರ್ತಿ ತ್ಸಾವೊ ರುಯಿ ಕೇಳಿದಾಗ ಸಿಮಾ ಯಿ ಹೇಳಿದ್ದು: ಹೋಗಲು 100, ಹೊಡೆಯಲು 100, ಬರಲು 100, ಸುಧಾರಿಸಿಕೊಳ್ಳಲು 60. ಒಂದು ವರ್ಷ, ಮುಗೀತು. ಸುಧಾರಿಸಿಕೊಳ್ಳುವ ದಿನವನ್ನೂ ಲೆಕ್ಕಕ್ಕೆ ಹಿಡಿದಿದ್ದ, ಗಮನಿಸಿ. 40,000 ಜನರ ದಂಡು ದುಬಾರಿ ಆಯ್ತು ಅಂತ ಆಸ್ಥಾನದವರು ಗೊಣಗಿದರು. 4,000 ಲಿ (ಒಂದು ಲಿ ಅಂದರೆ ಅರ್ಧ ಕಿಲೋಮೀಟರಿಗೂ ತುಸು ಕಮ್ಮಿ) ದೂರದ ದಂಡಯಾತ್ರೆಯಲ್ಲಿ ಖರ್ಚಿನ ಮುಖ ನೋಡಬಾರದು ಅಂತ ಚಕ್ರವರ್ತಿ ಅವರ ಬಾಯಿ ಮುಚ್ಚಿಸಿದ.

ಶತ್ರು ಕಂದಕ ತೋಡಿ ಕಾಯುತ್ತಿರುವ ಜಾಗಕ್ಕೆ ಮಾತ್ರ ಹೋಗಬೇಡಿ. ಗೊಂಗ್‌ಸುನ್ ದಂಡು ನದಿ ದಡದಲ್ಲಿ ಉದ್ದಕ್ಕೂ ಕಂದಕ ತೋಡಿ ಕೂತಿತ್ತು. ಸಿಮಾ ಯಿ ದಕ್ಷಿಣದ ಕಡೆ ಬಾವುಟ ಮೆರೆಸಿ, ಅವರು ಅತ್ತ ಓಡುವಷ್ಟರಲ್ಲಿ ಸದ್ದಿಲ್ಲದೆ ಉತ್ತರದಲ್ಲಿ ನದಿ ದಾಟಿ, ಅವರನ್ನು ಅಲ್ಲೇ ಬಿಟ್ಟು ನೆಟ್ಟಗೆ ಕೋಟೆಯ ದಾರಿ ಹಿಡಿದ. ಗೂಡು ಖಾಲಿ ಇದೆ ಅಂತ ಅವನಿಗೆ ಗೊತ್ತಿತ್ತು. ಗಾಬರಿಬಿದ್ದು ಬೆನ್ನಟ್ಟಿದವರು ಬಯಲಲ್ಲಿ ಸಿಕ್ಕಿ ಏಟು ತಿಂದರು.

ಆಮೇಲೆ ಶುರುವಾಯಿತು ಮಳೆ. 30 ದಿನಕ್ಕೂ ಜಾಸ್ತಿ. ನದಿಯ ಬಾಯಿಂದ ದೋಣಿಗಳು ಸೀದಾ ಕೋಟೆ ಗೋಡೆಯ ಬುಡಕ್ಕೇ ಬರುತ್ತಿದ್ದವು ಅಂದರೆ ಬಿಡಾರದ ಗತಿ ಊಹಿಸಿಕೊಳ್ಳಿ. ಎತ್ತರದ ಜಾಗಕ್ಕೆ ಹೋಗೋಣ ಅಂತ ಸೈನಿಕರು ಗುಸುಗುಸು ಶುರು ಮಾಡಿದರು. ಬಿಡಾರ ಎತ್ತುವ ಮಾತಾಡಿದವರ ತಲೆ ಹಾರುತ್ತದೆ ಅಂತ ಅಪ್ಪಣೆಯಾಯಿತು. ಜಾಂಗ್ ಜಿಂಗ್ ಎಂಬ ಅಧಿಕಾರಿ ಆಡಿದ, ತಲೆ ಹೋಯಿತು. ಕ್ರೂರ, ನಿಜ. ಆದರೆ ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಈಗ ಬಹಳ ಜನ ಎಡವುವ ಜಾಗ. ನೀರು ನಿಂತಿದ್ದರಿಂದ ಮುತ್ತಿಗೆಯ ಸುತ್ತು ಇನ್ನೂ ಕೂಡಿರಲಿಲ್ಲ. ಒಳಗಿನವರು ಆರಾಮಾಗಿ ಹೊರಗೆ ಬಂದು ಸೌದೆ ಕಡಿಯುವುದು, ದನ ಮೇಯಿಸುವುದು ಮಾಡುತ್ತಿದ್ದರು. ಹಿಡಿಯೋಣ ಅಂತ ಇವರ ಕಡೆಯವರಿಗೆ ಕೈ ತುರಿಕೆ. ಸಿಮಾ ಯಿ ಬೇಡ ಅಂದ. ಚೆನ್ ಗುಯಿ ಎಂಬವನು ತಡೆಯಲಾರದೆ ಕೇಳಿಯೇಬಿಟ್ಟ: ಹಿಂದೆ ಶಾಂಗ್‌ಯೊಂಗ್ ಕೋಟೆಯಲ್ಲಿ ತಿರುಗಿಬಿದ್ದಿದ್ದ ಮೆಂಗ್ ದಾ ಮೇಲೆ ಹೋದಾಗ ಹಗಲು ರಾತ್ರಿ ಅನ್ನದೆ ಬಿದ್ದಿರಿ, ಈಗ ಇಷ್ಟು ದೂರ ಬಂದು ಸುಮ್ನೆ ಕೂತಿದ್ದೀರಲ್ಲ?

ಸಿಮಾ ಯಿ ಕೊಟ್ಟ ಉತ್ತರ ಪೂರ್ತಿ ಊಟದ ಲೆಕ್ಕ. ಮೆಂಗ್ ದಾ ಹತ್ತಿರ ಜನ ಕಮ್ಮಿ, ದವಸ ಒಂದು ವರ್ಷಕ್ಕಿತ್ತು. ನಾವು ಅವನ ನಾಲ್ಕರಷ್ಟಿದ್ದೆವು, ನಮ್ಮ ದವಸ ಒಂದು ತಿಂಗಳಿಗೂ ಸಾಲದು. ಅದಕ್ಕೇ ಎಷ್ಟು ಜನ ಸತ್ತರೂ ಸರಿ ಅಂತ ಅವಸರ ಮಾಡಿದೆವು. ಇಲ್ಲಿ ಅವರು ಜಾಸ್ತಿ, ನಾವು ಕಮ್ಮಿ, ಅವರಿಗೆ ಹಸಿವು, ನಮಗೆ ಹೊಟ್ಟೆ ತುಂಬ ಊಟ. ಸೌದೆ, ದನ ಕಿತ್ತುಕೊಂಡರೆ ಅವರನ್ನು ನಾವೇ ಓಡಿಸಿದ ಹಾಗೆ. ನಮ್ಮ ಕೈಲಿ ಏನೂ ಆಗಲ್ಲ ಅಂತ ಅವರು ಅಂದುಕೊಂಡಿರಲಿ.

ನಾಲ್ಕು ದನಕ್ಕೆ ಆಸೆಬಿದ್ದು ಇಡೀ ಕೋಟೆ ಕಳೆದುಕೊಳ್ಳಬೇಡಿ ಅಂತ ಇದರ ಅರ್ಥ.

ಮಳೆ ನಿಂತ ಮೇಲೆ ಒಂದು ದಿನವೂ ತಡ ಮಾಡಬೇಡಿ. ಸುತ್ತು ಕೂಡಿಸಿ, ಮಣ್ಣಿನ ದಿಬ್ಬ ಎಬ್ಬಿಸಿ, ಸುರಂಗ ತೋಡಿ, ಏಣಿ, ಕಲ್ಲೆಸೆಯುವ ಯಂತ್ರ, ಬಾಣ ಎಲ್ಲ ಒಟ್ಟಿಗೆ, ಹಗಲೂ ರಾತ್ರಿ. ಒಳಗೆ ಅಷ್ಟರಲ್ಲಿ ದವಸ ಮುಗಿದು ಮನುಷ್ಯರು ಮನುಷ್ಯರನ್ನೇ ತಿನ್ನುವ ಸ್ಥಿತಿ ಬಂದಿತ್ತು.

ಸಂಧಾನಕ್ಕೆ ಕರೆ ಬಂದರೆ ಬಿಗಿ ಸಡಿಲಿಸಬೇಡಿ. ಮೊದಲು ಮುತ್ತಿಗೆ ತೆಗೆಯಿರಿ, ಆಮೇಲೆ ಕೈ ಕಟ್ಟಿಕೊಂಡು ಬರುತ್ತೇವೆ ಅಂದ ಇಬ್ಬರು ದೂತರ ತಲೆಯನ್ನೇ ಸಿಮಾ ಯಿ ತೆಗೆಸಿದ. ಒತ್ತೆ ಕಳಿಸುತ್ತೇವೆ, ದಿನ ಹೇಳಿ ಅಂತ ಮತ್ತೊಬ್ಬ ಬಂದ. ಕಾದಬಲ್ಲೆಯಾದರೆ ಕಾದು, ಆಗದಿದ್ದರೆ ಕೋಟೆ ಕಾಯಿ, ಅದೂ ಆಗದಿದ್ದರೆ ಓಡು, ಉಳಿದದ್ದು ಶರಣು ಇಲ್ಲವೇ ಸಾವು, ಒತ್ತೆ ಯಾಕೆ ಅಂತ ಅಟ್ಟಿದ. ಗೊಂಗ್‌ಸುನ್ ಮಗನ ಜೊತೆ ಓಡಲು ಹೋಗಿ ಸಿಕ್ಕಿ ಸತ್ತ. ಕೋಟೆಯೊಳಗೆ 15 ವರ್ಷ ದಾಟಿದ 7,000ಕ್ಕೂ ಹೆಚ್ಚು ಗಂಡಸರನ್ನು ಕೊಂದು ಹೆಣಗಳ ದಿಬ್ಬ ಮಾಡಿಸಿದರು. ಇದನ್ನು ನಾನು ಕಲಿಸುವುದಿಲ್ಲ, ಕೋಟೆ ಬಿದ್ದಾಗಿತ್ತು, ಅದರ ಅಗತ್ಯವೇ ಇರಲಿಲ್ಲ.

ಅಷ್ಟರಲ್ಲಿ ಚಳಿ ಬಿದ್ದಿತ್ತು. ನಡುಗುತ್ತಿದ್ದ ಸೈನಿಕರು ಅಂಗಿ ಕೇಳಿದರು. ಹಳೆ ಅಂಗಿಗಳು ರಾಶಿ ಇದ್ದರೂ, ಅವು ಸರ್ಕಾರದವು, ನಾನು ದಾನ ಮಾಡುವ ಹಾಗಿಲ್ಲ ಅಂದ ಸಿಮಾ ಯಿ. ಆದರೆ 60 ದಾಟಿದ ಸಾವಿರಕ್ಕೂ ಹೆಚ್ಚು ಸೈನಿಕರಿಗೆ ಕೆಲಸದಿಂದ ಬಿಡುಗಡೆ ಕೊಡಿಸಿ ಮನೆಗೆ ಕಳಿಸಿದ. ಆ ತಿಂಗಳ ಮಳೆನೀರಲ್ಲಿ ನಿಂತವರಲ್ಲಿ ಇಷ್ಟು ಜನ ಮುದುಕರಿದ್ದರು.