ಗುಡ್ಡ ಕುಸಿದು ತೋಟ ನಿಂತಾಗ ನಾವು ಅರ್ಧ ಕೂಲಿ ಪಡೆದದ್ದು

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ನಾನು ಮಡಿಕೇರಿ ತಾಲ್ಲೂಕಿನ ಒಂದು ಕಾಫಿ ತೋಟದ ಕಾರ್ಮಿಕ ಸಂಘದಲ್ಲಿದ್ದೆ. ಮಕ್ಕಂದೂರು, ಜೋಡುಪಾಲದ ಕಡೆ ಜನ ಮನೆಮಠ ಕಳೆದುಕೊಂಡಿದ್ದರು. ತೋಟದ ಕಾರ್ಮಿಕರು ಸಾಲಾಗಿ ವಾಸವಿರುವ ನಮ್ಮ ಲೈನ್‌ಮನೆಗಳು ಉಳಿದವು, ಆದರೆ ತೋಟದ ರಸ್ತೆಗೆ ಮಣ್ಣು ಬಿದ್ದು ಕೆಲಸ ನಿಂತಿತು. ಹಾಜರಿ ಪುಸ್ತಕ ನೋಡಿದರೆ ಎಲ್ಲರ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗೈರುಹಾಜರಿ ಗುರುತು. 'ಕೆಲಸವೇ ಇಲ್ಲ ಅಂದ್ಮೇಲೆ ಕೂಲಿ ಎಲ್ಲಿಂದ?' ಎಂದರು ಕಚೇರಿಯವರು.

ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆ ಹಾಗೆ ಹೇಳುತ್ತಿರಲಿಲ್ಲ. ಪ್ರಕೃತಿ ವಿಕೋಪದಿಂದ ಕೆಲಸ ಕೊಡಲಾಗದಿದ್ದರೆ ಅದು ಲೇಆಫ್, ಅಂದರೆ ಕೆಲಸದಿಂದ ತೆಗೆಯದೆ ತಾತ್ಕಾಲಿಕವಾಗಿ ಕೆಲಸ ಕೊಡದಿರುವುದು. ಕಾರ್ಖಾನೆ, ಗಣಿ, ತೋಟಗಳಲ್ಲಿ 50 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರಿದ್ದರೆ, ಒಂದು ವರ್ಷ ಸೇವೆ ಮುಗಿಸಿದವರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗಬೇಕು. ವಾರದ ರಜೆ ಲೆಕ್ಕಕ್ಕಿಲ್ಲ. ವರ್ಷದಲ್ಲಿ 240 ದಿನ ದುಡಿದಿದ್ದರೆ ಒಂದು ವರ್ಷದ ಸೇವೆ ಎಂದೇ ಲೆಕ್ಕ. ಬೇರೆಯವರ ಜಾಗಕ್ಕೆ ಬರುವ ಬದಲಿಯವರಿಗೆ, ಆಗೊಮ್ಮೆ ಈಗೊಮ್ಮೆ ಬರುವವರಿಗೆ ಇದು ಇಲ್ಲ. ಅದು ಅನ್ಯಾಯ ಅಂತಲೇ ನನಗನಿಸುತ್ತದೆ. ಮಳೆಗಾಲದಲ್ಲಿ ಮೊದಲು ಕೆಲಸ ಹೋಗುವುದು ಅವರದ್ದೇ ಅಲ್ವಾ?

ನಿಜವಾದ ಕೆಲಸ ಇದ್ದದ್ದು ಹಾಜರಿಯಲ್ಲಿ. ದಿನಕ್ಕೊಂದು ಸಲವಾದರೂ ಹೇಳಿದ ಹೊತ್ತಿಗೆ ಹೋಗಿ ನಿಲ್ಲಬೇಕು. ನಿಂತು ಎರಡು ಗಂಟೆಯೊಳಗೆ ಕೆಲಸ ಕೊಡದಿದ್ದರೆ ಆ ದಿನ ಲೇಆಫ್. ಹಾಜರಾದವರ ಹೆಸರು ಬರೆಯಲು ಪುಸ್ತಕ ಇಡುವುದು ಮಾಲೀಕರ ಹೊಣೆ. ಹೋಗದಿದ್ದರೆ ಆ ದಿನದ ಹಕ್ಕು ಹೋಯಿತು.

'ಕೆಲಸ ಇಲ್ಲ ಅಂತ ಗೊತ್ತು, ಈ ಮಳೇಲಿ ನೆನ್ಕೊಂಡು ಯಾಕಣ್ಣ ಹೋಗೋದು?' ಎಂದು ಲೈನಿನ ಹಿರಿಯಕ್ಕ ಕೇಳಿದರು. 'ಹೆಸರು ಬರೆಸೋಕೆ ಅಕ್ಕ, ಅಷ್ಟೇ' ಎಂದೆ. ಮರುದಿನದಿಂದ ಎಲ್ಲರೂ ಕಂಬಳಿ, ಪ್ಲಾಸ್ಟಿಕ್ ಹೊದ್ದು ಬೆಳಿಗ್ಗೆ ಕಚೇರಿ ಮುಂದೆ ನಿಂತೆವು. ತೋಟದ ಲೆಕ್ಕ ಬರೆಯುವ ರೈಟರ್ ಹೆಸರು ಬರೆದುಕೊಂಡರು. ನಾನೂ ಒಂದು ನೋಟ್‌ಬುಕ್‌ನಲ್ಲಿ ತಾರೀಕು ಹಾಕಿ ಎಲ್ಲರ ಸಹಿ, ಹೆಬ್ಬೆಟ್ಟು ತೆಗೆದುಕೊಂಡೆ. ಕಡೆಗೆ ಕೈ ಹಿಡಿದದ್ದು ಆ ನೋಟ್‌ಬುಕ್ಕೇ.

ಆಮೇಲೆ ರಸ್ತೆಯ ಮಣ್ಣು ತೆಗೆಯಲು ಕರೆದರು. ಕೆಲವರು ಬೇಡ ಎಂದರು. ಪೂರ್ತಿ ಕೂಲಿ ಕೊಟ್ಟು, ನಮ್ಮ ಕೈಲಾಗುವ ಬೇರೆ ಕೆಲಸ ಕೊಟ್ಟಾಗ ಒಲ್ಲೆ ಎಂದರೆ ಲೇಆಫ್‌ನ ಅರ್ಧ ಕೂಲಿ ಸಿಗದು ಎಂದು ತಿಳಿಸಿ ಒಪ್ಪಿಸಿದೆ.

ನೆರೆ ಪರಿಹಾರ ಕೇಂದ್ರದಲ್ಲಿದ್ದ ನಮ್ಮ ಕಾರ್ಮಿಕರದ್ದೇ ಕಷ್ಟವಾಯಿತು. ರಸ್ತೆಯೇ ಇಲ್ಲದ ಮೇಲೆ ಹಾಜರಿಗೆ ಬರುವುದು ಹೇಗೆ? ಅವರು ಅಲ್ಲಿದ್ದರು ಎಂದು ಕೇಂದ್ರದವರಿಂದ ಚೀಟಿ ಬರೆಸಿ ತಂದು, ಮಾತುಕತೆಯಲ್ಲಿ ಒಪ್ಪಿಸಿಕೊಂಡೆವು. ಲಿಖಿತ ಬೇಡಿಕೆಯ ಒಂದು ಪ್ರತಿ ಕಾರ್ಮಿಕ ನಿರೀಕ್ಷಕರಿಗೂ ಕೊಟ್ಟಿದ್ದರಿಂದ ಮಾತು ಬೇಗ ಮುಗಿಯಿತು. ಮುಂದಿನ ಬಟವಾಡೆಯಲ್ಲಿ ದುಡ್ಡು ಬಂತು.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಅರ್ಧ ವೇತನದ ನಿಯಮ ಅದರಲ್ಲೂ ಇದೆ. ಮಳೆಗಾಲ ಶುರುವಾಗುವ ಮುಂಚೆಯೇ ನಿಮ್ಮ ಹೆಸರು ಹಾಜರಿ ಪುಸ್ತಕದಲ್ಲಿದೆಯಾ ನೋಡಿಕೊಳ್ಳಿ.