ಮೂವತ್ನಾಲ್ಕು ಫೈಲು ಒಂದಾಗುವಷ್ಟರಲ್ಲಿ

ಶಿರಸಿಯಲ್ಲಿ ನನ್ನದು ಜೆರಾಕ್ಸ್, ಡಿಟಿಪಿ ಅಂಗಡಿ. ಪಹಣಿ, ಮ್ಯುಟೇಶನ್, ಇಸಿ (ಋಣಭಾರ ಪತ್ರ), ನಕ್ಷೆ ಎಲ್ಲ ಸೇರಿಸಿ ಒಂದೇ ಪಿಡಿಎಫ್ ಮಾಡಿಕೊಡಿ ಎಂದು ದಿನಕ್ಕೆ ಹತ್ತು ಹದಿನೈದು ಜನ ಬರುತ್ತಾರೆ. ಮೂರು ವರ್ಷ ಆನ್‌ಲೈನ್‌ ತಾಣಗಳಲ್ಲೇ ಮಾಡಿದೆ. ಈಗ ನನ್ನ ಪಿಸಿಯಲ್ಲೇ ಸಾಫ್ಟ್‌ವೇರ್ ಹಾಕಿಕೊಂಡು ಜೋಡಿಸುತ್ತೇನೆ. ಸಾಫ್ಟ್‌ವೇರ್ ಹಾಕ್ಕೊಂಡು ಕೂತರೆ ಕೆಲಸ ನಿಧಾನ, ಗಿರಾಕಿ ಬಿಟ್ಟು ಹೋಗ್ತಾರೆ ಎಂದು ಗೆಳೆಯರು ಹೆದರಿಸಿದ್ದರು. ಒಬ್ಬರೂ ಹೋಗಿಲ್ಲ.

ಮನಸ್ಸು ಬದಲಾಗಿದ್ದು ಒಂದು ಜುಲೈ ಸಂಜೆ. ಜೋರು ಮಳೆ, ನೆಟ್ ಹೋಗಿ ಬಂದು ಮಾಡುತ್ತಿತ್ತು. ವಕೀಲರೊಬ್ಬರ 34 ಫೈಲು, ಸುಮಾರು 70 ಎಂಬಿ. ಅಪ್‌ಲೋಡ್ ಮೂರು ಸಲ ಅರ್ಧಕ್ಕೇ ನಿಂತಿತು. ನಾಲ್ಕನೇ ಸಲ ಉಚಿತ ಮಿತಿ ಮುಗಿಯಿತು, ದುಡ್ಡು ಕಟ್ಟಿ ಎಂದು ಬಂತು. ಐನೂರು ಚಿಲ್ಲರೆ ಕಟ್ಟಿದೆ. ಬಂದ ಫೈಲಿನಲ್ಲಿ 1 ಆದ ಮೇಲೆ 10, 11, ಹೀಗೆ 19 ಮುಗಿದ ಮೇಲೆ 2! ನೋಡದೆ ಪ್ರಿಂಟ್ ಕೊಟ್ಟೆ. ಇನ್ನೂರು ಹಾಳೆ ಹಾಳು. ಅದಕ್ಕಿಂತ ಜಾಸ್ತಿ ಕಾಡಿದ್ದು ಬೇರೆ. ಇನ್ನೊಬ್ಬರ ಆಧಾರ್, ಜಮೀನಿನ ಕಾಗದ ನಾನು ಎಲ್ಲಿಗೋ ಕಳಿಸುತ್ತಿದ್ದೆ ಅಲ್ವಾ?

ಮಾರನೇ ದಿನ ಪಿಡಿಎಫ್‌ಸ್ಯಾಮ್ ಬೇಸಿಕ್ ಎಂಬ ಪಿಡಿಎಫ್ ಜೋಡಿಸುವ ಸಾಫ್ಟ್‌ವೇರ್ ಪಿಸಿಗೆ ಹಾಕಿದೆ. ಉಚಿತ. ಹಳೇ ಪಿಸಿ ತಡವರಿಸಿತು, ರ‍್ಯಾಮ್‌ಗೆ ಸಾವಿರದೆಂಟುನೂರು ಹೋಯಿತು. ಈಗ ಅದೇ 34 ಫೈಲು ನಿಮಿಷದೊಳಗೆ ಮುಗಿಯುತ್ತವೆ. ಹೆಸರಿಗೆ 01, 02 ಎಂದು ಸೊನ್ನೆ ಸೇರಿಸುತ್ತೇನೆ, ಕ್ರಮ ತಪ್ಪುವುದಿಲ್ಲ. ವಕೀಲರಿಗೆ ಪುಟಸಂಖ್ಯೆ ಹಾಕಿಕೊಡುವ ಉಪಾಯ ಮಾತ್ರ ಇಲ್ಲಿ ಬರೆಯುವುದಿಲ್ಲ. ನನಗೆ ನಾಲ್ಕು ಕಾಸು ಉಳಿಯುವುದು ಅದರಲ್ಲೇ.

ಪಿಡಿಎಫ್‌ಸ್ಯಾಮ್ ಪುಟಗಳನ್ನು ಇದ್ದ ಹಾಗೇ ಜೋಡಿಸುತ್ತದೆ, ಗಾತ್ರ ಇಳಿಯುವುದಿಲ್ಲ. ಗಾತ್ರ ಇಳಿಸಲು ಘೋಸ್ಟ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಸಾಫ್ಟ್‌ವೇರ್ ಹಿಡಿದು ಎರಡು ಭಾನುವಾರ ಕೂತೆ. ಅದರ 'ಸ್ಕ್ರೀನ್' ಸೆಟ್ಟಿಂಗ್ ಅಂದರೆ ಚಿತ್ರಗಳಿಗೆ 72 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ), ಪಹಣಿಯ ಸಣ್ಣ ಅಕ್ಷರ ಅಳಿಸಿದ ಹಾಗಾಯಿತು. 'ಇಬುಕ್', 150, ಚೆನ್ನಾಗಿ ಬಂತು. 70 ಎಂಬಿ ಹನ್ನೆರಡಕ್ಕೋ ಹದಿಮೂರಕ್ಕೋ ಇಳಿಯಿತು. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಒಂದು ಅರ್ಜಿ ನನ್ನ ಪಿಸಿಯಲ್ಲಿ ಸರಿಯಾಗಿ ಕಂಡು ಗಿರಾಕಿಯ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳಾಗಿ ಒಡೆದಿತ್ತು. ಅಕ್ಷರದ ಫಾಂಟ್ ಪಿಡಿಎಫ್ ಒಳಗೆ ಸೇರಿರಲಿಲ್ಲ. ಜೋಡಿಸುವ ಟೂಲ್ ಯಾವುದಾದರೂ ಅದು ಸರಿಯಾಗದು, ಪಿಡಿಎಫ್ ಮಾಡುವಾಗಲೇ ನೋಡಬೇಕು.

ಆನ್‌ಲೈನ್ ಪೂರ್ತಿ ಬಿಟ್ಟಿಲ್ಲ. ಮದುವೆ ಕರೆಯೋಲೆಯ ಎರಡು ಪುಟ ಸೇರಿಸುವುದಿದ್ದರೆ ಫೋನಿನಲ್ಲೇ ಸುಮ್ನೆ ಮುಗಿಸುತ್ತೇನೆ. ಡಿಜಿಟಲ್ ಸಹಿ ಇರುವ ಫೈಲನ್ನು ಮಾತ್ರ ಎಲ್ಲಿಯೂ ಜೋಡಿಸುವುದಿಲ್ಲ. ಜೋಡಿಸಿದರೆ ಆ ಸಹಿ ಊರ್ಜಿತವಾಗಿ ಉಳಿಯುವುದಿಲ್ಲ. ಅದನ್ನು ಬೇರೆಯಾಗಿಯೇ ಪೆನ್‌ಡ್ರೈವ್‌ಗೆ ಹಾಕಿ ಕೊಡುತ್ತೇನೆ.