ವರ್ಷದೊಳಗೆ ಮೂರು ಸಲ ಓಟು: ಲೋಕಸಭೆ ಉಪಚುನಾವಣೆ ನಡೆಸುವುದು ಹೇಗೆ?

2018ರ ಅಕ್ಟೋಬರ್‌ನಲ್ಲಿ ಬೈಂದೂರಿನಿಂದ ಚಿಕ್ಕಿ ಫೋನ್ ಮಾಡಿದ್ದರು. ‘ಮತ್ತೊಂದ್ ಓಟ್ ಅಂಬ್ರ್ ಮರಾಯ, ಎಂತಕೆ?’ ಮೇ 12ರ ವಿಧಾನಸಭೆ ಓಟಿಗೆ ಹಚ್ಚಿದ ಶಾಯಿ ಉಗುರಿನ ತುದಿಗೆ ಬಂದು ಕತ್ತರಿಸಿ ಹೋಗಿದ್ದೇ ಮೊನ್ನೆ ಮೊನ್ನೆ. ಅಷ್ಟರಲ್ಲಿ ನವೆಂಬರ್ 3ಕ್ಕೆ ಇನ್ನೊಂದು. ಇತ್ತ ಉಡುಪಿಯಲ್ಲಿ ನಮಗೆ ಓಟೇ ಇಲ್ಲ. ಜಿಲ್ಲೆ ಒಂದೇ ಆದರೂ ಬೈಂದೂರು ಸೇರುವುದು ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ, ಅಲ್ಲಿನ ಸಂಸದರಾಗಿದ್ದ ಯಡಿಯೂರಪ್ಪನವರು ಶಾಸಕರಾಗಿ ಗೆದ್ದು ಲೋಕಸಭೆ ಬಿಟ್ಟಿದ್ದರು. ಅವತ್ತು ಚಿಕ್ಕಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಸೀಟು ಖಾಲಿ ಅಂತ ಆಗಬೇಕು. ಸಂಸದರು ತೀರಿಕೊಳ್ಳಬಹುದು, ಸ್ಪೀಕರ್‌ಗೆ ರಾಜೀನಾಮೆ ಕೊಡಬಹುದು. ಪಕ್ಷಾಂತರ ಮಾಡಿ ಅಥವಾ ಎರಡು ವರ್ಷ, ಅದಕ್ಕಿಂತ ಜಾಸ್ತಿ ಶಿಕ್ಷೆಯಾಗಿ ಅನರ್ಹರಾಗಬಹುದು. ಎರಡು ಕಡೆ ನಿಂತು ಎರಡೂ ಗೆದ್ದವರು ಒಂದನ್ನು ಬಿಡಲೇಬೇಕು. ಸೀಟು ಖಾಲಿಯಾದದ್ದನ್ನು ಗೆಜೆಟ್‌ನಲ್ಲಿ ಪ್ರಕಟಿಸಿ ಚುನಾವಣಾ ಆಯೋಗಕ್ಕೆ ತಿಳಿಸುತ್ತಾರೆ. ನಮ್ಮ ಉಡುಪಿ-ಚಿಕ್ಕಮಗಳೂರಿಗೂ ಇದು ಹೊಸತಲ್ಲ. ಸದಾನಂದ ಗೌಡರು ಮುಖ್ಯಮಂತ್ರಿಯಾಗಿ ಲೋಕಸಭೆ ಬಿಟ್ಟ ಮೇಲೆ 2012ರ ಮಾರ್ಚ್‌ನಲ್ಲಿ ಉಪಚುನಾವಣೆ ನಡೆದು ಜಯಪ್ರಕಾಶ್ ಹೆಗ್ಡೆ ಗೆದ್ದಿದ್ದರು.

ಆಮೇಲಿನದ್ದು ಗಡುವಿನ ಲೆಕ್ಕ, ಜಾಸ್ತಿ ಜನ ತಪ್ಪುವುದೇ ಇಲ್ಲಿ. ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಂ ಪ್ರಕಾರ ಸೀಟು ಖಾಲಿಯಾದ ಆರು ತಿಂಗಳೊಳಗೆ ಉಪಚುನಾವಣೆ ಮುಗಿಸಬೇಕು. ಎರಡು ಸಂದರ್ಭದಲ್ಲಿ ಮಾತ್ರ ವಿನಾಯಿತಿ: ಆ ಸೀಟಿನ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ, ಇಲ್ಲವೇ ಅಷ್ಟರೊಳಗೆ ನಡೆಸುವುದು ಕಷ್ಟ ಅಂತ ಆಯೋಗವು ಕೇಂದ್ರ ಸರ್ಕಾರದ ಜೊತೆ ಸಮಾಲೋಚಿಸಿ ದೃಢೀಕರಿಸಿದರೆ. ಆ ‘ಒಂದು ವರ್ಷ’ವನ್ನು ಸೀಟು ಖಾಲಿಯಾದ ದಿನದಿಂದ ಎಣಿಸುತ್ತಾರೆ, ಓಟಿನ ದಿನದಿಂದಲ್ಲ. ಶಿವಮೊಗ್ಗ ಖಾಲಿಯಾದದ್ದು 2018ರ ಮೇ 18ಕ್ಕೆ, ಲೋಕಸಭೆಯ ಅವಧಿ ಇದ್ದದ್ದು 2019ರ ಜೂನ್ 3ರವರೆಗೆ. ಒಂದು ವರ್ಷದ ಮೇಲೆ ಹದಿನಾರು ದಿನ ಜಾಸ್ತಿ ಉಳಿದಿತ್ತು, ಹಾಗಾಗಿ ಚುನಾವಣೆ ಬಂತು. ಅದೇ ಹೊತ್ತಿಗೆ ಆಂಧ್ರದ ಐದು ಸೀಟುಗಳು ಜೂನ್ 20ಕ್ಕೆ ಖಾಲಿಯಾದವು, ವರ್ಷಕ್ಕಿಂತ ಕಡಿಮೆ, ಅಲ್ಲಿ ಚುನಾವಣೆ ಇಲ್ಲ. ಅಂದರೆ ಶಿವಮೊಗ್ಗದ ಸೀಟು ಇನ್ನೊಂದು ಮೂರು ವಾರ ತಡವಾಗಿ ಖಾಲಿಯಾಗಿದ್ದರೆ ಚಿಕ್ಕಿಗೆ ಕ್ಯೂ ನಿಲ್ಲುವ ಕೆಲಸ ತಪ್ಪುತ್ತಿತ್ತು.

ಆಯೋಗ ದಿನಾಂಕ ಘೋಷಿಸಿದ ಕೂಡಲೇ ನೀತಿ ಸಂಹಿತೆ ಶುರು. ಕ್ಷೇತ್ರದ ಒಂದು ತುಂಡು ಜಿಲ್ಲೆಯೊಳಗೆ ಇದ್ದರೂ ಸಾಮಾನ್ಯವಾಗಿ ಅದು ಇಡೀ ಜಿಲ್ಲೆಗೆ ಅನ್ವಯಿಸುತ್ತದೆ. ಓಟು ಬೈಂದೂರಿನವರಿಗೆ, ಕಟ್ಟುಪಾಡು ನಮಗೂ!

ಅಧಿಸೂಚನೆ ಹೊರಬಿದ್ದ ಏಳನೇ ದಿನ ನಾಮಪತ್ರಕ್ಕೆ ಕೊನೆ, ಮರುದಿನ ಪರಿಶೀಲನೆ, ಅದಾಗಿ ಎರಡನೇ ದಿನ ವಾಪಸಾತಿಗೆ ಕೊನೆ. ಅಲ್ಲಿಂದ ಮತದಾನಕ್ಕೆ ಕನಿಷ್ಠ 14 ದಿನ ಬೇಕು. 2018ರದ್ದನ್ನೇ ನೋಡಿ. ಅಕ್ಟೋಬರ್ 9ಕ್ಕೆ ಅಧಿಸೂಚನೆ, 16ಕ್ಕೆ ನಾಮಪತ್ರ ಮುಗಿಯಿತು, 17ಕ್ಕೆ ಪರಿಶೀಲನೆ. ವಾಪಸಾತಿ 19ಕ್ಕೆ ಬರಬೇಕಿತ್ತು. ಆದರೆ ಅವತ್ತು ವಿಜಯದಶಮಿ, ರಜೆ, ಹಾಗಾಗಿ 20. ಅದಕ್ಕೆ 14 ಸೇರಿಸಿದರೆ ಸರಿಯಾಗಿ ನವೆಂಬರ್ 3.

ನಾಮಪತ್ರ ಕೊಡಬೇಕಾದದ್ದು ಕ್ಷೇತ್ರದ ಚುನಾವಣಾಧಿಕಾರಿಗೆ, ಅಂದರೆ ಬೈಂದೂರಿನವರು ನಿಲ್ಲುವುದಾದರೂ ಶಿವಮೊಗ್ಗ ಡಿಸಿಗೇ. ಠೇವಣಿ 25,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅದರ ಅರ್ಧ. ಮಾನ್ಯತೆ ಪಡೆದ ಪಕ್ಷದವರಿಗೆ ನಾಮಪತ್ರಕ್ಕೆ ಸಹಿ ಹಾಕುವ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಮಂದಿ ಬೇಕು. ಆಸ್ತಿ, ಸಾಲ, ಕೇಸುಗಳ ಅಫಿಡವಿಟ್ ಕಡ್ಡಾಯ. ಸೋತವರಿಗೆ ಸಿಂಧು ಮತಗಳಲ್ಲಿ ಆರನೇ ಒಂದು ಪಾಲಿಗಿಂತ ಹೆಚ್ಚು ಬರದಿದ್ದರೆ ಠೇವಣಿ ಹೋಯಿತು.

ಓಟಿನ ಹಿಂದಿನ ದಿನ ಮಸ್ಟರಿಂಗ್. ಸಿಬ್ಬಂದಿ ಬಂದು ಮತಯಂತ್ರ, ವಿವಿಪ್ಯಾಟ್ (ಓಟಿನ ಚೀಟಿ ಮುದ್ರಿಸುವ ಯಂತ್ರ), ಶಾಯಿ, ಅರಗು, ಲೆಕ್ಕವಿಲ್ಲದಷ್ಟು ಕವರು ಎಲ್ಲ ಎಣಿಸಿ ತೆಗೆದುಕೊಂಡು ಬಸ್ಸು ಹತ್ತುತ್ತಾರೆ. ನಮ್ಮ ಮನೆಯಲ್ಲೊಬ್ಬರು ಮೇಷ್ಟ್ರಿದ್ದಾರೆ, ಅವರನ್ನು ಕೇಳಿದರೆ ಓಟಿಗಿಂತ ಈ ಕವರುಗಳ ಕತೆಯೇ ಜಾಸ್ತಿ. ಬೆಳಿಗ್ಗೆ ಮತದಾನಕ್ಕೆ ಒಂದೂವರೆ ಗಂಟೆ ಮೊದಲು ಏಜೆಂಟರ ಎದುರು ಅಣಕು ಮತದಾನ, ಕಡಿಮೆಯೆಂದರೆ 50 ಓಟು. ಎಣಿಕೆ ತಾಳೆಯಾದ ಮೇಲೆ ಯಂತ್ರದಿಂದ ಅದನ್ನು ಅಳಿಸಬೇಕು. ವಿವಿಪ್ಯಾಟ್ ಡಬ್ಬಿಯ ಚೀಟಿಗಳನ್ನು ಹೊರಗೆ ತೆಗೆದು, ಹಿಂದೆ ಮುದ್ರೆ ಒತ್ತಿ, ಕಪ್ಪು ಕವರಿನಲ್ಲಿ ಹಾಕಿ ಸೀಲ್ ಮಾಡಬೇಕು. ಅಳಿಸಲು ಮರೆತರೆ ಆ 50 ಓಟು ನಿಜವಾದ ಓಟಿನ ಜೊತೆ ಸೇರಿ ಎಣಿಕೆಯ ದಿನ ರಗಳೆ ಗ್ಯಾರಂಟಿ.

ಓಟುದಾರರು ಮಾಡಬೇಕಾದ್ದು ಸ್ವಲ್ಪವೇ. ಪಟ್ಟಿಯಲ್ಲಿ ಹೆಸರಿದೆಯಾ ಅಂತ ಮೊದಲೇ ನೋಡಿ. ಇಲ್ಲದಿದ್ದರೆ ನಮೂನೆ 6 ತುಂಬಿ ಕೊಡಿ, ಯಾಕೆಂದರೆ ನಾಮಪತ್ರದ ಕೊನೆಯ ದಿನ ದಾಟಿದ ಮೇಲೆ ಹೆಸರು ಸೇರಿಸುವಂತಿಲ್ಲ. ಓಟು ಬೈಂದೂರಿನಲ್ಲಿದ್ದು ಕೆಲಸ ಮಣಿಪಾಲದಲ್ಲೋ ಮಂಗಳೂರಲ್ಲೋ ಇದ್ದರೂ ಅವತ್ತು ಸಂಬಳ ಸಹಿತ ರಜೆ ಸಿಗಬೇಕು. ‘ಇಲ್ಲಿ ಓಟಿಲ್ಲವಲ್ಲ’ ಅಂತ ಧಣಿ ಹೇಳಿದರೆ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ತೋರಿಸಿ.

ಇಷ್ಟೆಲ್ಲ ಮಾಡಿ ಗೆದ್ದವರಿಗೆ ಸಿಗುವುದು ಐದು ವರ್ಷವಲ್ಲ, ಉಳಿದ ಅವಧಿ ಮಾತ್ರ. 2018ರ ನವೆಂಬರ್ 6ಕ್ಕೆ ಗೆದ್ದ ಬಿ.ವೈ. ರಾಘವೇಂದ್ರ ಅವರು 2019ರ ಏಪ್ರಿಲ್ 23ಕ್ಕೆ ಮತ್ತೆ ಅದೇ ಜನರ ಮುಂದೆ ಓಟಿಗೆ ನಿಂತಿದ್ದರು. ಆ ಸಲ ಚಿಕ್ಕಿ ಯಾಕೆ ಅಂತ ಕೇಳಲಿಲ್ಲ. ಶಾಯಿಯ ಬೆರಳಿನ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು, ಕೆಳಗೆ ಒಂದೇ ಪದ: ‘ಮೂರ್ನೇದ್’.